ಕೋಮಳಾ ಟೀಚರ್ ಬರೆದ ಇಪ್ಪತ್ತೈದನೇ ಸಾಲು

ಕುಂಭಕೋಣದಲ್ಲಿ ಮಹಾಮಹದ ಕೆರೆಯ ಹಿಂದಿನ ಬೀದಿಯವರಿಗೆ ಆಗೆಲ್ಲ ಬೆಳಗಾಗುತ್ತಿದ್ದದ್ದು ಟಕಟಕ ಸದ್ದಿನಿಂದ. ಹಾಲಿನವನು ಗಂಟೆ ಬಾರಿಸುವ ಮುಂಚೆ, ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವ ಮುಂಚೆ, ಜವಳಿ ಅಂಗಡಿಯ ಮೇಲಿನ ಮಹಡಿಯಲ್ಲಿ ಸಾರನಾಥ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟಿನ ಮೊದಲ ಬ್ಯಾಚು ಕುಟ್ಟಲು ಶುರು ಮಾಡಿಬಿಡುತ್ತಿತ್ತು. ಎ ಎಸ್ ಡಿ ಎಫ್, ಎ ಎಸ್ ಡಿ ಎಫ್. ಮಧ್ಯೆ ಮಧ್ಯೆ ಸಾಲು ಮುಗಿದಾಗ ಟಿಣ್ ಎನ್ನುವ ಸಣ್ಣ ಗಂಟೆ. ಬೀದಿಯ ಹಸುಗೂಸುಗಳು ಆ ಸದ್ದಿಗೇ ಮಲಗುತ್ತಿದ್ದವು, ಭಾನುವಾರ ರಜೆಯಾದರೆ ಎದ್ದು ಅಳುತ್ತಿದ್ದವು. ಈಗಿನವರು ಗಾಜಿನ ಮೇಲೆ ಬೆರಳು ಸವರಿಕೊಂಡು ಕೂರುತ್ತಾರೆ. ಅದಕ್ಕೆ ಸದ್ದೂ ಇಲ್ಲ, ಸಡಗರವೂ ಇಲ್ಲ.

ಆ ಸದ್ದಿನ ಒಡತಿ ಕೋಮಳವಲ್ಲಿ. ಊರಿನ ಬಾಯಲ್ಲಿ ಕೋಮಳಾ ಟೀಚರ್. ಇನ್‌ಸ್ಟಿಟ್ಯೂಟು ಕಟ್ಟಿದ್ದು ಅವರ ಅಪ್ಪ ಸಾರನಾಥನ್. ಅಪ್ಪ ಹೋದ ಮೇಲೆ ಅಪ್ಪನ ಕುರ್ಚಿಯಲ್ಲಿ ಮಗಳು ಕೂತರು. ಮದುವೆ ಆಗಲಿಲ್ಲ, ಆಗಬೇಕೆಂದು ಹಟವನ್ನೂ ಹಿಡಿಯಲಿಲ್ಲ. ಗಂಜಿ ಹಾಕಿದ ನೂಲಿನ ಸೀರೆ, ಕೈಯಲ್ಲಿ ಮರದ ಅಡಿಪಟ್ಟಿ, ಹಣೆಯಲ್ಲಿ ಗೆರೆ ಎಳೆದಷ್ಟು ನೆಟ್ಟಗಿನ ಶ್ರೀಚೂರ್ಣ. ತಾಲೂಕು ಕಚೇರಿಯಿಂದ ಹಿಡಿದು ಕೋರ್ಟಿನ ತನಕ ಯಾವ ಗುಮಾಸ್ತರನ್ನು ಕೇಳಿದರೂ ಈ ಮಹಡಿಯ ಮೆಟ್ಟಿಲು ಹತ್ತಿದವರೇ, ಆ ಅಡಿಪಟ್ಟಿಯ ರುಚಿ ನೋಡಿದವರೇ.

ಅವರ ಪಾಠದಲ್ಲಿ ಎರಡೇ ಕಟ್ಟಳೆ. ಒಂದು, ಟೈಪ್ ಮಾಡುವಾಗ ಅರ್ಥಕ್ಕೆ ಹೋಗಬಾರದು.

"ಕಣ್ಣು ಅಕ್ಷರ ನೋಡಲಿ, ಬೆರಳು ಹೊಡೀಲಿ. ಮಧ್ಯೆ ನಿನ್ನ ಬುದ್ಧಿಗೇನು ಕೆಲಸ? ಬುದ್ಧಿ ಬಂದ್ರೆ ಸ್ಪೀಡು ಹೋಯ್ತು!"

ಇದನ್ನು ಅವರು ಎಷ್ಟು ನಿಷ್ಠೆಯಿಂದ ಪಾಲಿಸುತ್ತಿದ್ದರೆಂದರೆ, ಇನ್‌ಸ್ಟಿಟ್ಯೂಟಿನ ಗಲಾಟೆ ತಾಳಲಾಗುತ್ತಿಲ್ಲ, ಅದನ್ನು ಊರಾಚೆ ಕಳಿಸಿ ಎಂದು ಬೀದಿಯ ಕೆಲವರು ಒಮ್ಮೆ ಮುನಿಸಿಪಾಲಿಟಿಗೆ ಬರೆದ ಅರ್ಜಿಯನ್ನು ಒಂದೂ ತಪ್ಪಿಲ್ಲದೆ ಟೈಪ್ ಮಾಡಿಕೊಟ್ಟವರು ಅವರೇ. ವಿಷಯ ಗೊತ್ತಾದದ್ದು ಮುನಿಸಿಪಾಲಿಟಿಯವರು ವಿಚಾರಣೆಗೆ ಬಂದಾಗ. ಆಗಲೂ ಅವರು ಅರ್ಜಿಯನ್ನು ಕೈಗೆ ತೆಗೆದುಕೊಂಡು, "ಮಾರ್ಜಿನ್ ಸರಿಯಾಗಿದೆ" ಎಂದರಂತೆ.

ಎರಡನೆಯ ಕಟ್ಟಳೆ ಇನ್ನೂ ಕಠಿಣ. ಹಾಳೆಯಲ್ಲಿ ಒಂದು ಅಕ್ಷರ ತಪ್ಪಿದರೂ ಆ ಹಾಳೆ ಸತ್ತಂತೆ. ರಬ್ಬರಿನಿಂದ ಉಜ್ಜುವುದು, ಮೇಲೆ ಮೇಲೆ ಹೊಡೆಯುವುದು, ನಡುವೆ ತುರುಕುವುದು, ಯಾವುದೂ ಇಲ್ಲ. ಟೀಚರ್ ಬಂದು ಹಾಳೆಯನ್ನು ಮಿಷನ್ನಿನಿಂದ ಎಳೆದು, ನಡುವೆ ಹರಿದು, ಎರಡು ತುಂಡನ್ನೂ ಕೈಗೆ ಕೊಡುತ್ತಿದ್ದರು. ತಪ್ಪು ಎಲ್ಲಿ ಎಂದು ತೋರಿಸುತ್ತಿರಲಿಲ್ಲ. "ಮೊದಲಿಂದ" ಎನ್ನುತ್ತಿದ್ದರು, ಅಷ್ಟೇ. ಕೊನೆಯ ಸಾಲಿನ ಕೊನೆಯ ಪದದಲ್ಲಿ ತಪ್ಪಿದರೂ ಮೊದಲಿಂದ.

ಹೀಗೆ ಸುಖವಾಗಿ ನಡೆಯುತ್ತಿದ್ದ ಕಾಲದಲ್ಲಿ, ಆಷಾಢದ ಹಾಗೆ ಶುಭಕಾರ್ಯಕ್ಕೆ ಬಾರದ ಆಡಿ ತಿಂಗಳ ಒಂದು ದಿನ, ಟೀಚರ ತಮ್ಮ ವರದನ್ ಮದ್ರಾಸಿನಿಂದ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯೊಂದಿಗೆ ಬಂದಿಳಿದ. ಅವನ ಆಫೀಸಿನಲ್ಲಿ ಹೊಸ ಕಂಪ್ಯೂಟರ್ ಬಂದಿತ್ತಂತೆ, ಹಳೆಯದನ್ನು ಅಕ್ಕನಿಗೆಂದು ತಂದಿದ್ದ. ಮಹಡಿಗೆ ಹೊತ್ತು ತಂದು, ಕಿಟಕಿಯ ಪಕ್ಕದ ಮೇಜಿನ ಮೇಲೆ ಇಟ್ಟು, ಬೆವರು ಒರಸಿಕೊಂಡ.

"ಅಕ್ಕಾ, ಟೈಪ್ ಕಲಿಯೋಕೆ ಇನ್ನು ಯಾರೂ ಬರಲ್ಲ. ನೀನೇ ನೋಡು, ಅರ್ಧ ಮಿಷನ್ನಿಗೆ ಧೂಳು ಹಿಡಿದಿದೆ."

"ಧೂಳು ನಾನು ದಿನಾ ಒರಸ್ತೀನಿ."

"ಒರಸೋಕೆ ನೀನಿದ್ದೀಯ, ಕುಟ್ಟೋಕೆ ಯಾರಿದಾರೆ?"

ಅದು ನಿಜ. ಸಂಜೆಯ ಬ್ಯಾಚು ಹಲ್ಲು ಬಿದ್ದ ಬಾಯಿಯಂತಾಗಿತ್ತು. ವರದನ್ ದನಿ ತಗ್ಗಿಸಿದ. ಕಟ್ಟಡ ಇಬ್ಬರ ಹೆಸರಿನಲ್ಲೂ ಇತ್ತು. ಕೆಳಗಿನ ಜವಳಿ ಅಂಗಡಿಯ ಚೊಕ್ಕಲಿಂಗಂ ಮಹಡಿಯನ್ನೂ ತಮಗೇ ಕೊಡಿ ಎಂದು ಅವನ ಬೆನ್ನು ಹತ್ತಿದ್ದರು.

"ರೇಷ್ಮೆ ಸೀರೆಗೆ ಬೇರೆ ವಿಭಾಗ ಮಾಡಬೇಕಂತೆ ಅವರಿಗೆ. ನಾನು ಅವರಿಗೆ ಹೂಂ ಅಂದಿಲ್ಲ ಅಕ್ಕಾ. ವಿಜಯದಶಮಿಗೆ ಬರ್ತೀನಿ. ಅವತ್ತು ಇದರ ಮುಂದೆ ಪಾಠ ಶುರುವಾದ್ರೆ ಮಹಡಿ ಇನ್‌ಸ್ಟಿಟ್ಯೂಟಿಗೇ, ನಾನು ಬಾಯಿ ಬಿಡಲ್ಲ. ಇಲ್ಲಾಂದ್ರೆ ಕೊಟ್ಟುಬಿಡೋಣ. ಕಲಿಸೋಕೆ ಬೇಕಾದ್ರೆ ಒಬ್ಬ ಹುಡುಗನ್ನ ಇಟ್ಕೋ."

"ಅಪ್ಪನ ಕುರ್ಚಿಯಲ್ಲಿ ಕೂತವರೇ ಇಲ್ಲಿ ಕಲಿಸೋದು. ಬೇರೆಯವರ ಕೈಲಿ ಕಲಿಸಿ ನಾನು ಮೂಲೆಯಲ್ಲಿ ಬತ್ತಿ ಹೊಸೀಲಾ?"

"ಹಾಗಾದ್ರೆ ನೀನೇ ಕಲಿ. ಇವತ್ತೇ ಶುರು ಮಾಡು."

"ಆಡಿ ತಿಂಗಳಲ್ಲಿ ಹೊಸದು ಶುರು ಮಾಡ್ತಾರೇನೋ? ಮದ್ರಾಸಿನಲ್ಲಿ ಪಂಚಾಂಗ ಸಿಗಲ್ವಾ ನಿಮಗೆ?"

ಹಾಗಾಗಿ ಉಳಿದಿದ್ದ ಅಮೂಲ್ಯ ಕಾಲದಲ್ಲಿ ಆಡಿ ತಿಂಗಳು ಪೂರ್ತಿ ಕಂಪ್ಯೂಟರ್ ಹಳೆಯ ಪಂಚೆ ಹೊದ್ದುಕೊಂಡು ಮಲಗಿತು. ಟೀಚರ್ ದಿನಾ ಅದರ ಧೂಳನ್ನೂ ಒರೆಸಿದರು.

ಮುಂದಿನ ತಿಂಗಳು, ಆವಣಿ, ಹುಟ್ಟಿತು. ಕಲಿಸುವವರು ಬೇಕಲ್ಲ? ಆಗ ಆ ಬೀದಿಯ ಸುತ್ತಮುತ್ತ ಕಂಪ್ಯೂಟರ್ ಓದಿದ್ದವಳು ಒಬ್ಬಳೇ, ವೀಳ್ಯದೆಲೆ ವ್ಯಾಪಾರಿ ಮುತ್ತಯ್ಯನ್ ಮಗಳು ಪೂಂಗೊಡಿ. ತಂಜಾವೂರಿನ ಪಾಲಿಟೆಕ್ನಿಕ್‌ನಲ್ಲಿ ಹುಡುಗಿಯರಿಗೆ ಪಾಠ ಹೇಳಿ ಸಂಜೆ ಬಸ್ಸಿಗೆ ಊರಿಗೆ ಬರುತ್ತಿದ್ದಳು. ಅವಳೂ ಒಂದು ಕಾಲದಲ್ಲಿ ಈ ಮಹಡಿ ಹತ್ತಿದವಳೇ. ಆದರೆ ಸೊಟ್ಟ ಬೆರಳಿನವಳೆಂದು ಹೆಸರಾದವಳು. ದಿನಾ ಅವಳ ಹಾಳೆ ಹರಿಯುತ್ತಿತ್ತು. ಟೈಪ್ ಲೋಯರ್ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು, ಮತ್ತೆ ಕಟ್ಟಿ, ಮತ್ತೆ ಡುಮ್ಕಿ ಹೊಡೆದು, ಒಂದು ದಿನ ಬರುವುದನ್ನೇ ನಿಲ್ಲಿಸಿದ್ದಳು. ಅವಳ ಮನೆಯ ಜಗಲಿ ಹತ್ತುವಾಗ ಟೀಚರ್ ಸೆರಗನ್ನು ಮೂರು ಸಲ ಸರಿಮಾಡಿಕೊಂಡರು.

ಜಗಲಿಯಲ್ಲಿ ಪೂಂಗೊಡಿಯ ತಾಯಿ ಎಲೆ ಎಣಿಸಿ ಕಟ್ಟು ಕಟ್ಟುತ್ತಿದ್ದರು. ನೋಡಿ ಮುಖ ಅರಳಿಸಿದರು.

"ಬನ್ನಿ ಬನ್ನಿ ಟೀಚರಮ್ಮಾ! ಒಲೆ ಹಚ್ಚೋಕೆ ಕಾಗದ ಮುಗಿದು ಎಷ್ಟು ಕಾಲ ಆಯ್ತು, ಈಗ ನೆನಪಾಯ್ತಾ?"

"ಅಂದ್ರೆ?"

"ಇವಳು ನಿಮ್ಮ ಹತ್ರ ಬರ್ತಿದ್ದಷ್ಟು ದಿನ ನೀವು ಹರಿದು ಕೊಟ್ಟ ಹಾಳೆಯಲ್ಲೇ ಅಲ್ವಾ ನಾನು ಒಲೆ ಹಚ್ತಿದ್ದಿದ್ದು. ಒಳ್ಳೇ ಕಾಗದ. ತಟ್ಟಂತ ಹತ್ಕೊಳ್ತಿತ್ತು."

ಒಳಗಿನಿಂದ ಪೂಂಗೊಡಿ ನಗುತ್ತಾ ಬಂದಳು. "ಅಮ್ಮಾ, ಸುಮ್ನಿರು. ಟೀಚರ್, ಕೂತ್ಕೊಳ್ಳಿ. ನನ್ನ ಹತ್ರ ಈಗ ಎಲ್ಲ ಸರ್ಟಿಫಿಕೇಟೂ ಇದೆ, ಟೈಪ್ ಲೋಯರ್ ಒಂದು ಬಿಟ್ಟು."

ಟೀಚರ್ ಬಂದ ಕೆಲಸ ಹೇಳಿದರು. ಪೂಂಗೊಡಿ ಒಂದು ಗಳಿಗೆ ನಗು ನಿಲ್ಲಿಸಿ ಅವರನ್ನು ನೋಡಿದಳು. "ನಾಳೆಯಿಂದಲೇ ಬರ್ತೀನಿ ಟೀಚರ್" ಎಂದಳು. ತಾಯಿ ಒಂದು ಕಟ್ಟು ಎಳೆಯ ಎಲೆಯನ್ನು ಟೀಚರ ಮಡಿಲಿಗೆ ಹಾಕಿ ಕಳಿಸಿದರು.

ಮೊದಲ ದಿನವೇ ರಾಮಾಯಣವಾಯಿತು. ಕಂಪ್ಯೂಟರ್ ಮಾಡಬೇಕಾದ ಕೆಲಸವನ್ನು ಸಾಲು ಸಾಲಾಗಿ ಬರೆದುಕೊಡುವ ಪ್ರೋಗ್ರಾಮ್ ಕಲಿಸಲೆಂದು ಪೂಂಗೊಡಿ ಒಂದು ಪುಸ್ತಕ ತಂದಿದ್ದಳು. ಪೂಂಗೊಡಿ ಹೇಳಿದ ಸಾಲನ್ನು ಟೀಚರ್ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಹೊಡೆದರು. ಸಾಲು ಮುಗಿದೊಡನೆ ಅವರ ಎಡಗೈ ತಾನಾಗಿ ಮೇಲೆದ್ದು, ಕ್ಯಾರೇಜನ್ನು ತಳ್ಳುವ ಹಿಡಿಕೆ ಹುಡುಕಿಕೊಂಡು ಗಾಳಿಯಲ್ಲಿ ಬೀಸಿತು. ಅಲ್ಲಿ ಹಿಡಿಕೆ ಇರಲಿಲ್ಲ, ಪೂಂಗೊಡಿಯ ಕಾಫಿ ಲೋಟ ಇತ್ತು. ನೆಲ ಒರೆಸಿ ಮುಗಿಸಿ ನೋಡಿದರೆ ಕಂಪ್ಯೂಟರ್ ತಪ್ಪು ಎಂದು ತೋರಿಸುತ್ತಿದೆ. ಟೀಚರ್ ಮತ್ತೆ ಹೊಡೆದರು. ಮತ್ತೆ ತಪ್ಪು.

"ನಾನು ತಪ್ಪು ಹೊಡೆದಿಲ್ಲ" ಎಂದರು ಟೀಚರ್. ಅವರ ಮೂಗಿನ ತುದಿ ಕೆಂಪಾಗಿತ್ತು.

ಪೂಂಗೊಡಿ ಬಗ್ಗಿ ನೋಡಿದಳು. ಅವರ ಹಳೆಯ ಮಿಷನ್ನುಗಳಲ್ಲಿ ಒಂದು ಎಂಬ ಅಂಕಿಗೆ ಕೀಯೇ ಇರಲಿಲ್ಲ, ಸಣ್ಣ ಎಲ್ ಅಕ್ಷರವನ್ನೇ ಒಂದೆಂದು ಹೊಡೆಯುವುದು ರೂಢಿ. ಟೀಚರ್ ಇಲ್ಲೂ ಅದನ್ನೇ ಹೊಡೆದಿದ್ದರು. "ಮನುಷ್ಯರಾದ್ರೆ ಅಡ್ಜಸ್ಟ್ ಮಾಡ್ಕೊಂಡು ಓದ್ತಾರೆ ಟೀಚರ್, ಇದು ನಿಮ್ಮ ಥರ. ಬಿಡೋದೇ ಇಲ್ಲ" ಎಂದಳು. ಆ ಬೆರಳಿಗೆ ಹೊಸ ದಾರಿ ಕಲಿಸಲು ಕೆಲವು ದಿನ ಹಿಡಿಯಿತು, ಆದರೆ ಕಲಿಯಿತು.

ಕಲಿಯದೇ ಉಳಿದದ್ದು ಬೇರೆ. ಎಲ್ಲಾದರೂ ಒಂದು ಅಕ್ಷರ ತಪ್ಪಿ ತೆರೆಯ ಮೇಲೆ ದೂರು ಬಂತೆನ್ನಿ, ಟೀಚರ್ ತಕ್ಷಣ ಎಲ್ಲವನ್ನೂ ಅಳಿಸುವ ಆಜ್ಞೆ ಕೊಟ್ಟು, ಖಾಲಿ ತೆರೆಯ ಮೇಲೆ ಮೊದಲ ಸಾಲಿನಿಂದ ಹಿಡಿದು ಎಲ್ಲವನ್ನೂ ಮತ್ತೆ ಹೊಡೆಯುತ್ತಿದ್ದರು.

"ಅಯ್ಯೋ ಟೀಚರ್, ಯಾಕೆ ಅಳಿಸಿದ್ರಿ? ಆ ಒಂದು ಸಾಲು ಸರಿ ಮಾಡಿದ್ರೆ ಸಾಕಿತ್ತು!"

"ಕೆಟ್ಟ ಹಾಳೆ ಕೆಟ್ಟಿದ್ದೇ."

"ಇದು ಹಾಳೆ ಅಲ್ಲ ಟೀಚರ್."

"ನನಗೆ ಎಲ್ಲಾ ಹಾಳೆಯೇ."

ಸಾಲುಗಳಿಗೆ ಹತ್ತು, ಇಪ್ಪತ್ತು, ಮೂವತ್ತು ಎಂದು ಹತ್ತು ಹತ್ತು ಬಿಟ್ಟು ಯಾಕೆ ಅಂಕಿ ಹಾಕಬೇಕು ಎನ್ನುವುದರ ಮೇಲೂ ಜಗಳವಾಯಿತು. ಹತ್ತರ ನಂತರ ಹನ್ನೊಂದು ಬರಬೇಕು, ಅದು ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತು ಎಂದು ಟೀಚರ ವಾದ.

"ಮಧ್ಯೆ ಏನಾದ್ರೂ ಮರೆತಿದ್ರೆ ಆಮೇಲೆ ಸೇರಿಸೋಕೆ ಜಾಗ ಬೇಡ್ವಾ ಟೀಚರ್?"

"ಮರೆಯೋರು ಬರೀಬಾರದು."

ಪೂಂಗೊಡಿ ತಲೆ ಮೇಲೆ ಕೈ ಹೊತ್ತುಕೊಂಡಳು. ಆದರೂ ದಿನಾ ಬಂದಳು. ಬಸ್ಸು ಇಳಿದು ಮನೆಗೂ ಹೋಗದೆ ಸೀದಾ ಮಹಡಿ ಹತ್ತುತ್ತಿದ್ದಳು. ಟೀಚರ್ ಅವಳಿಗೆಂದು ಡಬ್ಬಿಯಲ್ಲಿ ಪುಳಿಯೋಗರೆಯನ್ನೋ ಮೊಸರನ್ನವನ್ನೋ ಇಟ್ಟಿರುತ್ತಿದ್ದರು. ತಿನ್ನುತ್ತಾ ತಿನ್ನುತ್ತಾ ಅವಳು ಆ ಡಬ್ಬಿಯನ್ನೇ ತೋರಿಸಿ ಪಾಠ ಹೇಳಿದಳು.

"ಕಂಪ್ಯೂಟರ್ ಒಳಗೆ ಹೀಗೇ ಡಬ್ಬಿಗಳಿವೆ ಟೀಚರ್. ಬೇಳೆ ಡಬ್ಬಿ, ಸಾಸಿವೆ ಡಬ್ಬಿ ಅಂತ ನೀವು ಹೆಸರು ಇಡಲ್ವಾ, ಹಾಗೆ ನಾವೂ ಹೆಸರು ಇಡಬೇಕು. ಎ ಅನ್ನೋ ಡಬ್ಬಿ, ಟಿ ಅನ್ನೋ ಡಬ್ಬಿ. ಏನು ಹಾಕ್ತೀವೋ ಅದು ಅಲ್ಲೇ ಇರುತ್ತೆ. ನಾವು ತೆಗೆಯೋ ತನಕ."

ಆವಣಿ ಕಳೆದು ಪುರಟ್ಟಾಸಿ ತಿಂಗಳು ಹುಟ್ಟುವ ಹೊತ್ತಿಗೆ ಟೀಚರ್ ಪುಸ್ತಕದ ಎಲ್ಲ ಉದಾಹರಣೆಗಳನ್ನೂ ಒಂದೂ ತಪ್ಪಿಲ್ಲದೆ ಹೊಡೆದು ಓಡಿಸಿದ್ದರು. ಅವರ ಮುಖದಲ್ಲಿ ಹಳೆಯ ಕಳೆ ಬಂದಿತ್ತು. ಅಂಥ ಒಂದು ಸಂಜೆ ಪೂಂಗೊಡಿ ಕೇಳಿದಳು.

"ಇದು ಏನು ಮಾಡುತ್ತೆ, ಹೇಳಿ ಟೀಚರ್."

"ಮಾಡ್ತಿದೆಯಲ್ಲ, ಕಾಣಲ್ವಾ ನಿನಗೆ?"

"ಮೂವತ್ತನೇ ಸಾಲು ಯಾಕಿದೆ?"

"ಪುಸ್ತಕದಲ್ಲಿದೆ, ಅದಕ್ಕೇ ಇದೆ."

"ನಾಳೆ ಮಕ್ಕಳು ಕೇಳಿದ್ರೂ ಹೀಗೇ ಹೇಳ್ತೀರಾ?"

ಟೀಚರ್ ಪುಸ್ತಕದ ಆ ಸಾಲನ್ನೇ ಮತ್ತೆ ನೋಡಿದರು. ಬೆರಳುಗಳು ಪ್ರತಿ ಅಕ್ಷರವನ್ನೂ ಬಲ್ಲವು, ಅವರು ಮಾತ್ರ ಏನನ್ನೂ ಓದಿರಲಿಲ್ಲ. ಪೂಂಗೊಡಿ ಪುಸ್ತಕ ಮುಚ್ಚಿದಳು. "ಇನ್ನು ನಕಲು ಸಾಕು. ನಿಮ್ಮದೇ ಒಂದು ಬರೀರಿ. ನಮ್ಮ ಇನ್‌ಸ್ಟಿಟ್ಯೂಟಿಗೆ ಬೇಕಾದ್ದು. ಅದನ್ನೇ ವಿಜಯದಶಮಿ ದಿನ ಎಲ್ಲರ ಮುಂದೆ ಓಡಿಸಿ."

ಅವತ್ತು ಮನೆಗೆ ಹೋಗಿ ಕೋಮಳಾ ಟೀಚರ್ ಅತ್ತರು. ಯಾರ ಮುಂದೆಯೂ ಅಲ್ಲ, ತುಳಸಿಕಟ್ಟೆಯ ಪಕ್ಕದಲ್ಲಿ ಕೂತು ಒಬ್ಬರೇ ಅತ್ತರು. ಊರಿಗೆಲ್ಲ ಟೀಚರ್ ಆಗಿ ಬಾಳಿ, ಕೂದಲು ನರೆತ ಮೇಲೆ ಎ ಎಸ್ ಡಿ ಎಫ್ ಕಲಿಯುವ ಹುಡುಗಿಯಾಗಿ ಕೂರುವುದು ಸುಲಭವಲ್ಲ. ಅಪ್ಪನ ಕುರ್ಚಿಯ ಜಾಗದಲ್ಲಿ ಚೊಕ್ಕಲಿಂಗಂ ಅಂಗಡಿಯ ಸೀರೆ ಉಟ್ಟ ಗೊಂಬೆ ನಿಂತಿರುವುದನ್ನು ನೆನೆದು ಇನ್ನಷ್ಟು ಅತ್ತರು. ಆಮೇಲೆ ಮುಖ ತೊಳೆದು, ಕುಕ್ಕರ್ ಇಟ್ಟರು.

ಅವರು ಬರೆದದ್ದು ಅವರ ಸ್ವಂತ ಜೀವನದ ಲೆಕ್ಕವನ್ನೇ, ತಪ್ಪುಗಳ ಲೆಕ್ಕ. ಕಂಪ್ಯೂಟರ್ ಪ್ರತಿ ವಿದ್ಯಾರ್ಥಿಯ ಹೆಸರು ಕೇಳಬೇಕು. ಆಮೇಲೆ ಅವರು ಹೊಡೆದ ಒಂದೊಂದು ಸಾಲಿನಲ್ಲೂ ಎಷ್ಟು ತಪ್ಪು ಎಂದು ಕೇಳಿ, ಎಲ್ಲವನ್ನೂ ಟಿ ಎಂಬ ಡಬ್ಬಿಯಲ್ಲಿ ಕೂಡಿಸಬೇಕು. ಕೊನೆಗೆ ಡಬ್ಬಿಯಲ್ಲಿರುವುದು ಹೆಚ್ಚಾಗಿದ್ದರೆ ಫೇಲ್, ಕಡಿಮೆ ಇದ್ದರೆ ಪಾಸ್. ಮತ್ತೆ ಮುಂದಿನವರ ಹೆಸರು. ಹತ್ತನೇ ಸಾಲು ಎಷ್ಟು ಜನ ಎಂದು, ಇಪ್ಪತ್ತನೇ ಸಾಲು ಹೆಸರೇನು ಎಂದು, ಮೂವತ್ತರಿಂದ ತಪ್ಪುಗಳ ಸುತ್ತು. ಬರೆದು ಮುಗಿಸಿದಾಗ ಟೀಚರಿಗೆ ತಮ್ಮ ಕೈಬರಹದ ಮೇಲೇ ಪ್ರೀತಿ ಬಂತು.

ಓಡಿಸಿದರು. ಮೊದಲ ವಿದ್ಯಾರ್ಥಿ ಅಂಚಿನಲ್ಲಿ ಪಾಸ್, ಫಲಿತಾಂಶ ಸರಿಯಾಗಿ ಬಂತು. ಎರಡನೆಯವಳು ಒಳ್ಳೆಯ ಹುಡುಗಿ, ತಪ್ಪು ತೀರ ಕಡಿಮೆ. ಆದರೆ ಫೇಲ್. ಮೂರನೆಯವಳದು ಒಂದೂ ತಪ್ಪಿಲ್ಲ. ಅವಳೂ ಫೇಲ್. ಮೊದಲನೆಯವರೊಬ್ಬರನ್ನು ಬಿಟ್ಟು ಆಮೇಲೆ ಬಂದವರೆಲ್ಲ ದಬದಬ ಬೀಳುತ್ತಿದ್ದರು.

ಟೀಚರ್ ಅಳಿಸಿದರು, ಮೊದಲಿಂದ ಹೊಡೆದರು. ಅದೇ. ಮತ್ತೆ ಅಳಿಸಿದರು, ಮತ್ತೆ ಹೊಡೆದರು. ಅದೇ. ಅಕ್ಷರ ಒಂದೂ ತಪ್ಪಿಲ್ಲ, ಚುಕ್ಕಿ ಒಂದೂ ತಪ್ಪಿಲ್ಲ, ಕಂಪ್ಯೂಟರ್ ದೂರನ್ನೂ ಹೇಳುತ್ತಿಲ್ಲ. ಆದರೂ ಉತ್ತರ ಸುಳ್ಳು. ಹರಿದು ಹಾಕಿದರೆ ಹೋಗದ ತಪ್ಪನ್ನು ಅವರು ಜೀವನದಲ್ಲಿ ಕಂಡಿರಲಿಲ್ಲ. ಹೀಗೇ ದಿನಗಳು ಹೋಗಿ ಸರಸ್ವತಿ ಪೂಜೆಯ ಹಿಂದಿನ ಸಂಜೆ ಬಂದೇಬಿಟ್ಟಿತು.

ಪೂಂಗೊಡಿ ಹಿಂದೆ ನಿಂತು ಒಮ್ಮೆ ಮೇಲಿಂದ ಕೆಳಗೆ ಓದಿದಳು. ಅವಳ ತುಟಿಯಂಚಿನಲ್ಲಿ ನಗು ಕಂಡಿತು.

"ನಿನಗೆ ಗೊತ್ತಾಗಿದೆ. ಎಲ್ಲಿ ತಪ್ಪು, ಹೇಳಿಬಿಡೇ."

"ನೀವೇ ಹುಡುಕಿ ಟೀಚರ್."

"ನಾಡಿದ್ದು ವರದ ಬರ್ತಾನೆ ಕಣೇ!"

"ನೀವು ಯಾವತ್ತಾದ್ರೂ ನನ್ನ ತಪ್ಪು ಎಲ್ಲಿ ಅಂತ ತೋರಿಸಿದ್ರಾ? ಹರಿದು ಕೈಗೆ ಕೊಡ್ತಿದ್ರಿ, ಅಷ್ಟೇ."

ನಗುತ್ತಲೇ ಹೇಳಿದಳು. ಆದರೂ ಟೀಚರಿಗೆ ಸರಿಯಾಗಿ ತಾಗಿತು. ಪೂಂಗೊಡಿಗೂ ಅದು ತಿಳಿಯಿತು. ಪಕ್ಕದಲ್ಲಿ ಕೂತು ಮೆತ್ತಗೆ ಹೇಳಿದಳು. "ನಾನು ಹೇಳಿದ್ರೆ ನಾಡಿದ್ದು ನೀವು ಮತ್ತೆ ನಕಲು ಹೊಡೆದ ಹಾಗಾಗುತ್ತೆ. ಅಕ್ಷರ ನೋಡಬೇಡಿ. ಅದು ಏನು ಹೇಳ್ತಿದೆ ಅಂತ ನೋಡಿ." ಎದ್ದು ಹೋಗುವ ಮುಂಚೆ ಟೀಚರ ಕೈ ಕೀಗಳ ಕಡೆ ಹೋಗದಂತೆ ತಡೆದು, ಬರೆದದ್ದನ್ನೆಲ್ಲ ಒಂದು ಫ್ಲಾಪಿಯಲ್ಲಿ ತುಂಬಿಸಿಟ್ಟಳು. "ಇದನ್ನ ಹೇಗೆ ಹರೀತೀರೋ ನೋಡ್ತೀನಿ."

ಮರುದಿನ ಪೂಜೆ. ಸಾಲಾಗಿ ಕೂತ ಮಿಷನ್ನುಗಳಿಗೆಲ್ಲ ಗಂಧ, ಕುಂಕುಮ, ಒಂದೊಂದು ಸೇವಂತಿಗೆ. ಕಂಪ್ಯೂಟರಿನ ಹಣೆಗೂ ನಾಮದ ಹಾಗೆ ಗಂಧ ಬಿತ್ತು. ಟೀಚರ್ ಫ್ಲಾಪಿಯನ್ನು ಕೈಗೆತ್ತಿಕೊಂಡು ಗಂಧದ ಬಟ್ಟಲಿಗೆ ಬೆರಳದ್ದಿದಾಗ ಪೂಂಗೊಡಿ, "ಅದಕ್ಕೆ ಬೇಡ! ಅದಕ್ಕೆ ಬೇಡ ಟೀಚರ್!" ಎಂದು ಕೂಗಿ ಓಡಿಬಂದು ಕಿತ್ತುಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸರಸ್ವತಿಯ ಪಟದ ಮುಂದೆ ಇಟ್ಟಳು. ಪುಸ್ತಕ, ಕಾಗದ, ಪೆನ್ಸಿಲ್ ಎಲ್ಲವೂ ಪೂಜೆಗೆ ಹೋದವು. ಇನ್ನು ನಾಳೆ ಬೆಳಗಿನ ತನಕ ಯಾರೂ ಏನನ್ನೂ ಓದುವಂತಿಲ್ಲ, ಬರೆಯುವಂತಿಲ್ಲ, ಕೀಗಳನ್ನು ಮುಟ್ಟುವಂತಿಲ್ಲ.

ಟೀಚರಿಗೆ ಇದ್ದದ್ದು ಒಂದೇ ದಿನ, ಅದೂ ಹೀಗೆ ಕೈ ಕಟ್ಟಿಸಿಕೊಂಡಿತು. ಆದರೆ ಮನಸ್ಸಿಗೆ ಗಂಧ ಹಚ್ಚಿ ಸುಮ್ಮನೆ ಕೂರಿಸಲು ಆಗುತ್ತದೆಯೇ? ಎಷ್ಟೋ ಸಲ ಹೊಡೆದು ಹೊಡೆದು ಆ ಸಾಲುಗಳು ಅವರೊಳಗೆ ಇಳಿದುಹೋಗಿದ್ದವು. ಉಸಲಿಯ ಥರದ ಕಡಲೆ ಸುಂಡಲಿಗೆ ಒಗ್ಗರಣೆ ಹಾಕುತ್ತಾ, ತೆಂಗಿನಕಾಯಿ ತುರಿಯುತ್ತಾ, ಅವರು ಒಳಗೊಳಗೇ ಒಂದೊಂದು ಸಾಲನ್ನು ಹೇಳಿಕೊಂಡರು. ಬೆರಳುಗಳಿಗೆ ಕೆಲಸವಿರಲಿಲ್ಲವಾದ್ದರಿಂದ, ಬಹುಶಃ ಜೀವನದಲ್ಲೇ ಮೊದಲ ಬಾರಿಗೆ, ಆ ಪದಗಳು ಏನು ಹೇಳುತ್ತಿವೆ ಎಂದು ಕಿವಿಗೊಟ್ಟರು. ಹೆಸರು ಕೇಳು. ಸಾಲಿನ ತಪ್ಪು ಕೇಳು. ಟಿ ಡಬ್ಬಿಗೆ ಹಾಕು. ಮತ್ತೆ ತಪ್ಪು ಕೇಳು. ಮತ್ತೆ ಟಿ ಡಬ್ಬಿಗೆ ಹಾಕು. ಸಾಲು ಮುಗಿದ ಮೇಲೆ ಡಬ್ಬಿ ನೋಡು. ಮುಂದಿನವರು ಬನ್ನಿ.

ಸಂಜೆ ಹಳೆಯ ವಿದ್ಯಾರ್ಥಿಗಳು, ಹೊಸಬರು, ಬೀದಿಯ ಮಕ್ಕಳು ಎಲ್ಲರೂ ಪ್ರಸಾದಕ್ಕೆ ಬಂದರು. ದೊನ್ನೆಗಳು ಬೇಗ ಮುಗಿದವು. ಪೂಂಗೊಡಿ ಮನೆಯಿಂದ ಸ್ಟೀಲ್ ತಟ್ಟೆಗಳನ್ನು ತಂದಳು. ಒಬ್ಬರು ತಿಂದದ್ದನ್ನು ತೊಳೆದು ಇನ್ನೊಬ್ಬರಿಗೆ. ಟೀಚರ್ ಸೌಟು ಹಿಡಿದು ಬಡಿಸುತ್ತಿದ್ದರು, ತಲೆಯಲ್ಲಿ ಮಾತ್ರ ಸಾಲುಗಳು ಓಡುತ್ತಿದ್ದವು. ಕೈಗೆ ಸಿಕ್ಕ ತಟ್ಟೆಯನ್ನು ತೆಗೆದುಕೊಂಡು ಅದರ ಮೇಲೆ ಸುಂಡಲ್ ಹಾಕಿ ಮುಂದಿನ ಹುಡುಗಿಗೆ ಚಾಚಿದರು. ಅವಳು ಕೈ ಹಿಂದೆ ಎಳೆದುಕೊಂಡಳು.

"ಅಯ್ಯೇ ಟೀಚರ್! ಇದರಲ್ಲಿ ಅವನು ತಿಂದು ಬಿಟ್ಟಿದ್ದು ಹಾಗೇ ಇದೆ. ಎಂಜಲು!"

ಎಂಜಲು! ಮಡಿ ಮಡಿ ಎಂದು ಬಾವಿಯ ಹಗ್ಗಕ್ಕೂ ನೀರು ಸುರಿಯುವ ಮನೆತನದ ಕೋಮಳವಲ್ಲಿ, ಪೂಜೆಯ ದಿನ, ಪ್ರಸಾದವನ್ನು ಎಂಜಲು ತಟ್ಟೆಯಲ್ಲಿ ಬಡಿಸಿದ್ದರು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ತಟ್ಟೆ ಹಿಂದೆ ತೆಗೆದುಕೊಂಡು, "ತೊಳೆದು ಕೊಡ್ತೀನಮ್ಮಾ, ಒಬ್ಬರದು ಮುಗಿದ ಮೇಲೆ ತೊಳೀದೆ ಇನ್ನೊಬ್ಬರಿಗೆ ಹೇಗೆ..." ಎನ್ನುತ್ತಿದ್ದವರು ಅಲ್ಲೇ ನಿಂತುಬಿಟ್ಟರು.

ಡಬ್ಬಿ. ಟಿ ಡಬ್ಬಿಯನ್ನು ಯಾರು ತೊಳೆದರು?

ಯಾರೂ ತೊಳೆದಿರಲಿಲ್ಲ. ಮೊದಲನೆಯವರು ಬಂದಾಗ ಡಬ್ಬಿ ಖಾಲಿ ಇತ್ತು, ಅವರ ಲೆಕ್ಕ ಸರಿ ಬಂತು. ಎರಡನೆಯವಳು ಬಂದಾಗ ಅದರಲ್ಲಿ ಮೊದಲನೆಯವರ ತಪ್ಪುಗಳ ಎಂಜಲು ಹಾಗೇ ಇತ್ತು. ಅದರ ಮೇಲೇ ಅವಳದು, ಅದರ ಮೇಲೆ ಮೂರನೆಯವಳದು. ಒಬ್ಬರ ತಪ್ಪು ಇನ್ನೊಬ್ಬರ ತಲೆಗೆ. ಪಾಪ, ಮಕ್ಕಳು ಫೇಲಾಗದೆ ಏನಾದಾರು!

"ಪೂಂಗೊಡೀ!" ಎಂದು ಕೂಗಿದರು. ಅವಳು ತೊಳೆಯುತ್ತಿದ್ದ ತಟ್ಟೆ ಬಿಟ್ಟು ಬಂದಳು. ಹೊಳೆದದ್ದನ್ನು ಅವತ್ತು ಬರೆದಿಟ್ಟುಕೊಳ್ಳುವಂತಿರಲಿಲ್ಲ. ಟೀಚರ್ ಸೆರಗಿನ ತುದಿಯನ್ನು ಹಿಡಿದು ಒಂದು ಗಂಟು ಹಾಕಿಕೊಂಡರು. ಆ ಗಂಟನ್ನು ನೋಡಿ ಪೂಂಗೊಡಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು.

ವಿಜಯದಶಮಿಯ ಬೆಳಿಗ್ಗೆ ಮಹಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲ ಮಿಷನ್ನುಗಳೂ ಒಟ್ಟಿಗೆ ಕುಟ್ಟುತ್ತಿದ್ದವು. ಅವತ್ತು ಒಂದು ಸಾಲಾದರೂ ಹೊಡೆಯದೆ ಯಾರೂ ಕೆಳಗಿಳಿಯುವಂತಿಲ್ಲ. ಮದ್ರಾಸಿನ ರೈಲಿನಿಂದ ಸೀದಾ ವರದನ್ ಬಂದ. ಅವನ ಹಿಂದೆಯೇ ಚೊಕ್ಕಲಿಂಗಂ ಬಂದರು. ಕೈಯಲ್ಲಿ ಅಳತೆಯ ಟೇಪು ಇರಲಿಲ್ಲ, ಆದರೆ ಕಣ್ಣಿನಲ್ಲೇ ಗೋಡೆಯಿಂದ ಗೋಡೆಗೆ ಅಳೆಯುತ್ತಿದ್ದರು. ಜೊತೆಯಲ್ಲಿ ಎರಡು ಜಡೆಯ ಮಗಳೂ ಬಂದಿದ್ದಳು.

"ಏನಕ್ಕಾ, ರೆಡಿನಾ?" ಎಂದ ವರದನ್.

ಟೀಚರ್ ಕಂಪ್ಯೂಟರಿನ ಮುಂದೆ ಕೂತರು. ಫ್ಲಾಪಿಯಿಂದ ಸಾಲುಗಳು ತೆರೆಗೆ ಬಂದವು. ಕೆಟ್ಟ ಸಾಲುಗಳು. ಸುತ್ತಲಿನ ಮಿಷನ್ನುಗಳು ಒಂದೊಂದಾಗಿ ನಿಂತವು. ಟೀಚರ ಬೆರಳುಗಳು ತಾವಾಗಿ ಎಲ್ಲವನ್ನೂ ಅಳಿಸುವ ಕೀಗಳ ಮೇಲೆ ಹೋಗಿ ಕೂತವು. ಹಿಂದೆ ನಿಂತ ಪೂಂಗೊಡಿ ಒಂದು ಹೆಜ್ಜೆ ಮುಂದೆ ಬಂದಳು.

ಬೆರಳುಗಳು ಅಲ್ಲೇ ನಿಂತವು. ಟೀಚರ್ ಸೆರಗಿನ ಗಂಟನ್ನು ಬಿಚ್ಚಿದರು. ಇಪ್ಪತ್ತಕ್ಕೂ ಮೂವತ್ತಕ್ಕೂ ನಡುವೆ ಬಿಟ್ಟಿದ್ದ ಜಾಗ ನೋಡಿದರು. ಆಮೇಲೆ ಎಲ್ಲಕ್ಕಿಂತ ಕೆಳಗೆ, ಖಾಲಿ ಜಾಗದಲ್ಲಿ, ಇಪ್ಪತ್ತೈದು ಎಂದು ಹೊಡೆದು, ಟಿ ಡಬ್ಬಿ ಸೊನ್ನೆ ಎಂದು ಬರೆದರು. ಮತ್ತೆ ತೋರಿಸು ಎಂದು ಆಜ್ಞೆ ಕೊಟ್ಟಾಗ ಆ ಸಾಲು ಇಪ್ಪತ್ತರ ಕೆಳಗೆ, ಮೂವತ್ತರ ಮೇಲೆ, ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಹೋಗಿ ಕೂತಿತ್ತು. ಟೀಚರಿಗೆ ಕಣ್ಣು ಮಂಜಾಯಿತು. ಇಷ್ಟು ಸುಲಭವೇ?

"ಇಷ್ಟೇನಾ?" ಎಂದ ವರದನ್.

"ನೀನು ಬಾ. ನೀನೇ ಮೊದಲ ವಿದ್ಯಾರ್ಥಿ."

ವರದನ್ ಒಂದು ರೆಮಿಂಗ್ಟನ್ ಮಿಷನ್ನಿನ ಮುಂದೆ ಕೂತು, ಮರೆತ ವಿದ್ಯೆಯನ್ನು ನೆನಪಿಸಿಕೊಂಡು, ಸಾಲು ಸಾಲಿಗೂ ತಪ್ಪು ಹೊಡೆದ. ಸುತ್ತ ನಿಂತವರು ಎಣಿಸಿ ಎಣಿಸಿ ನಕ್ಕರು. ಕಂಪ್ಯೂಟರ್ ಮುಲಾಜಿಲ್ಲದೆ ಅವನನ್ನು ಫೇಲ್ ಮಾಡಿತು. ಆಮೇಲೆ ಟೀಚರ್ ಚೊಕ್ಕಲಿಂಗಂ ಅವರ ಮಗಳನ್ನು ಕೂರಿಸಿದರು. ಅವಳು ಒಂದು ಬೆರಳಿನಲ್ಲಿ ನಿಧಾನವಾಗಿ, ನಾಲಿಗೆ ಕಚ್ಚಿಕೊಂಡು, ಎಲ್ಲೋ ಒಂದು ಕಡೆ ಮಾತ್ರ ತಪ್ಪಿ ಮುಗಿಸಿದಳು. ಅವಳ ಹೆಸರು, ಅವಳ ತಪ್ಪು. ಟೀಚರ್ ಕೈ ಮುಗಿದುಕೊಂಡರು. ಪಾಸ್.

"ಅಕ್ಕಾ, ನನ್ನ ತಪ್ಪು ಅವಳ ತಲೆಗೆ ಹೋಗಲಿಲ್ವಲ್ಲ" ಎಂದ ವರದನ್, ತಮಾಷೆಗೆಂದು. ತಾನು ಏನು ಹೇಳಿದೆನೆಂದು ಅವನಿಗೇ ಗೊತ್ತಿರಲಿಲ್ಲ.

"ಹೋಗಲ್ಲ. ಯಾಕೆ ಹೋಗಲ್ಲ ಅಂತ ಹೇಳ್ತೀನಿ, ಎಲ್ಲರೂ ಕೂತ್ಕೊಳ್ಳಿ" ಎಂದರು ಟೀಚರ್. ಅಡಿಪಟ್ಟಿಯಿಂದ ತೆರೆಯನ್ನು ತೋರಿಸುತ್ತಾ, ಹತ್ತನೇ ಸಾಲಿನಿಂದ, ಒಂದೊಂದೂ ಏನು ಹೇಳುತ್ತದೆ, ಯಾಕೆ ಹೇಳುತ್ತದೆ ಎಂದು ವಿವರಿಸಿದರು. ಡಬ್ಬಿಯ ಕಥೆ ಹೇಳಿದರು. ಎಂಜಲು ತಟ್ಟೆಯ ಕಥೆಯನ್ನೂ ಮುಚ್ಚಿಡಲಿಲ್ಲ. ನೆರೆದವರೆಲ್ಲ ನಕ್ಕರು. ಪಾಠ ಮುಗಿದಾಗ ಚೊಕ್ಕಲಿಂಗಂ ಎದ್ದು ಗಂಟಲು ಸರಿಮಾಡಿಕೊಂಡರು.

"ಟೀಚರಮ್ಮಾ, ಹುಡುಗೀನ ಸೇರಿಸ್ಕೊಳ್ಳಿ. ರೇಷ್ಮೆ ಸೀರೆ ಕೆಳಗಡೇನೇ ಹೇಗೋ ಒತ್ತೊತ್ತಾಗಿ ಜೋಡಿಸ್ಕೊಳ್ತೀನಿ."

ವರದನ್ ಅಕ್ಕನನ್ನು ನೋಡಿ ಎರಡೂ ಕೈ ಎತ್ತಿಬಿಟ್ಟ. ಮಹಡಿ ಉಳಿಯಿತು. ಮಿಷನ್ನಿನ ಟಕಟಕದ ಜೊತೆಗೆ ಕಂಪ್ಯೂಟರಿನ ಮೆತ್ತನೆಯ ಸದ್ದೂ ಸೇರಿಕೊಂಡು ಆ ಬೀದಿಯಲ್ಲಿ ಇನ್ನೂ ಬಹಳ ವರ್ಷ ಬೆಳಗಾಯಿತು. ಆ ದಿನಗಳನ್ನು ಕಂಡವರಿಗೆ ಈಗಲೂ ಆ ಮೆಟ್ಟಿಲುಗಳ ಮುಂದೆ ಹೋಗುವಾಗ ಕಾಲು ನಿಧಾನವಾಗುತ್ತದೆ.

ಜನ ಕರಗಿದ ಮೇಲೆ ಉಳಿದವರು ಇಬ್ಬರೇ. ಪೂಂಗೊಡಿ ಚೀಲ ಹೆಗಲಿಗೆ ಹಾಕಿಕೊಂಡಳು.

"ನೀನೊಬ್ಬಳು ಇನ್ನೂ ಹೊಡೆದಿಲ್ಲ. ಹೊಡೀದೆ ಇಳಿಯೋ ಹಾಗಿಲ್ಲ ಇವತ್ತು" ಎಂದರು ಟೀಚರ್.

"ಬೇಡ ಟೀಚರ್, ನನ್ನ ಬೆರಳು ನಿಮಗೆ ಗೊತ್ತಲ್ಲ."

"ಕೂತ್ಕೋ."

ಅವಳು ತನ್ನ ಹಳೆಯ ಜಾಗದಲ್ಲಿ, ಕಂಬದ ಪಕ್ಕದ ಮಿಷನ್ನಿನ ಮುಂದೆ ಕೂತಳು. ಹಾಳೆ ಸುತ್ತಿ ಹೊಡೆಯತೊಡಗಿದಳು. ಕೆಲವು ಸಾಲು ಚೆನ್ನಾಗಿ ಹೋಯಿತು. ಆಮೇಲೆ ಒಂದು ಅಕ್ಷರ ಜಾರಿತು. ಅವಳ ಕೈ ನಿಂತಿತು. ಹಳೆಯ ಅಭ್ಯಾಸದಂತೆ ತಾನೇ ಹಾಳೆಯನ್ನು ಮಿಷನ್ನಿನಿಂದ ಎಳೆದು, ತಲೆ ತಗ್ಗಿಸಿ, ಹರಿಯಲೆಂದು ಟೀಚರ ಕಡೆ ಚಾಚಿದಳು.

ಟೀಚರ್ ಹಾಳೆಯನ್ನು ತೆಗೆದುಕೊಂಡರು. ಕನ್ನಡಕ ಸರಿಮಾಡಿಕೊಂಡು ಮೇಲಿಂದ ಕೆಳಗೆ ಓದಿದರು. ತಪ್ಪಿದ ಅಕ್ಷರದ ಕೆಳಗೆ ಬೆರಳಿಟ್ಟು ತೋರಿಸಿದರು. "ಇಲ್ಲಿ. ಕಿರುಬೆರಳು ಬರೋ ಮುಂಚೆ ಉಂಗುರದ ಬೆರಳು ಬಂದುಬಿಟ್ಟಿದೆ. ಅಷ್ಟೇ" ಎಂದು ಹಾಳೆಯನ್ನು ಮತ್ತೆ ಮಿಷನ್ನಿಗೆ ಸುತ್ತಿ, ಅದೇ ಸಾಲಿಗೆ ತಂದು ನಿಲ್ಲಿಸಿದರು. "ಹೊಡಿ. ಮುಂದೆ ಹೊಡಿ."

ಪೂಂಗೊಡಿ ಮುಂದೆ ಹೊಡೆದಳು. ಮಧ್ಯೆ ಮಧ್ಯೆ ಮೂಗು ಒರೆಸಿಕೊಂಡಳು. ಪುಟ ತುಂಬಿದ ಮೇಲೆ ಟೀಚರ್ ಅದನ್ನು ಹೊರತೆಗೆದು, ಮಡಿಕೆ ಬೀಳದಂತೆ ಸುರುಳಿ ಸುತ್ತಿ, ಅವಳ ಕೈಗೆ ಕೊಟ್ಟರು.

"ನಿಮ್ಮಮ್ಮನ ಕೈಗೆ ಸಿಗೋ ಹಾಗೆ ಇಡಬೇಡ ಕಣೇ. ಒಲೆ ಹಚ್ಚಿಬಿಡ್ತಾರೆ."